ರೀಸ್ಟೇಕಿಂಗ್

ರೀಸ್ಟೇಕಿಂಗ್ ಅಥವಾ ಮರುಪಣ ಎಂಬುದು ಒಂದು ಬ್ಲಾಕ್‌ಚೈನ್ ಜಾಲದ ಭದ್ರತೆಗಾಗಿ ಈಗಾಗಲೇ ಒತ್ತೆಯಿಟ್ಟಿರುವ ಕ್ರಿಪ್ಟೋ ಹಣವನ್ನು, ಅಲ್ಲಿಂದ ಬಿಡಿಸಿಕೊಳ್ಳದೆಯೇ, ಬೇರೆ ಸೇವೆಗಳ ಭದ್ರತೆಗೂ ಒಡ್ಡುವ ವ್ಯವಸ್ಥೆಯಾಗಿದೆ. ಒತ್ತೆಯಿಟ್ಟವನಿಗೆ ಮೂಲ ಜಾಲದ ಪ್ರತಿಫಲದ ಜೊತೆಗೆ ಹೊಸ ಸೇವೆಗಳ ಪ್ರತಿಫಲವೂ ದೊರೆಯುತ್ತದೆ. ಅದರಂತೆಯೇ, ಎಲ್ಲಿ ತಪ್ಪಿ ನಡೆದರೂ ಅದೇ ಹಣದಿಂದ ದಂಡ ಕಡಿತವಾಗುತ್ತದೆ. ಇಥೀರಿಯಮ್ ಜಾಲದ ಮೇಲೆ ಐಗನ್‌ಲೇಯರ್ ಎಂಬ ಯೋಜನೆಯು 2023ರಲ್ಲಿ ಇದನ್ನು ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಿತು.

ತಂತ್ರ ಹೊಸದಾದರೂ ಅದರ ಹಿಂದಿನ ಪ್ರಶ್ನೆ ಹೊಸದಲ್ಲ. ಒಂದೇ ಆಸ್ತಿಯ ಮೇಲೆ ಎಷ್ಟು ಹೊಣೆಗಳನ್ನು ಹೇರಬಹುದು, ಅವುಗಳ ಲೆಕ್ಕವನ್ನು ಯಾರು ಇಡಬೇಕು ಎಂಬುದು ಒಕ್ಕಲುತನದ ಸಾಲಪದ್ಧತಿಯಲ್ಲಿ ಬಹುಕಾಲದಿಂದ ಇರುವ ಪ್ರಶ್ನೆ. ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳ ಪಹಣಿ, ಉಗ್ರಾಣ ರಸೀದಿ ಮತ್ತು ಸ್ವಸಹಾಯ ಗುಂಪುಗಳ ಉದಾಹರಣೆಯಿಂದ ಅದನ್ನು ಈ ಲೇಖನದ ಒಂದು ಭಾಗದಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಬ್ಲಾಕ್‌ಚೈನ್ ಎಂದರೆ ಒಂದೇ ಲೆಕ್ಕದ ಖಾತೆಯನ್ನು ಪ್ರಪಂಚದ ಹಲವೆಡೆ ಇರುವ ಗಣಕಯಂತ್ರಗಳು ಏಕಕಾಲದಲ್ಲಿ ಬರೆದಿಡುವ ಪದ್ಧತಿ. ಖಾತೆಯನ್ನು ತಿದ್ದುವ ಅಧಿಕಾರ ಯಾವ ಒಬ್ಬರ ಕೈಯಲ್ಲಿಯೂ ಇರುವುದಿಲ್ಲ. ಹಾಗಿದ್ದಲ್ಲಿ ಬರೆಯುವವರು ಪ್ರಾಮಾಣಿಕರಾಗಿರುತ್ತಾರೆಂದು ನಂಬುವುದು ಹೇಗೆ? ಬಿಟ್‌ಕಾಯಿನ್ ಜಾಲವು ಇದಕ್ಕೆ ವಿದ್ಯುತ್ತನ್ನೂ ಗಣನಶಕ್ತಿಯನ್ನೂ ವ್ಯಯಿಸುವ ಮಾರ್ಗವನ್ನು ಹಿಡಿಯಿತು. 2015ರ ಜುಲೈ 30ರಂದು ಆರಂಭವಾದ ಇಥೀರಿಯಮ್ ಕೂಡ ಮೊದಲಿಗೆ ಅದೇ ದಾರಿಯಲ್ಲಿತ್ತು. ಬಳಿಕ 2022ರ ಸೆಪ್ಟೆಂಬರ್ 15ರಂದು ಅದನ್ನು ಕೈಬಿಟ್ಟು ಸ್ಟೇಕಿಂಗ್ ಪದ್ಧತಿಗೆ ಬದಲಾಯಿತು.

ಸ್ಟೇಕಿಂಗ್‌ನಲ್ಲಿ ಖಾತೆ ಬರೆಯುವ ಪರಿಶೀಲಕನು ಕನಿಷ್ಠ 32 ಈಥರ್ ನಾಣ್ಯಗಳನ್ನು ಜಾಲದಲ್ಲಿ ಒತ್ತೆಯಿಡಬೇಕು. ನಿಯಮದಂತೆ ನಡೆದರೆ ಪ್ರತಿಫಲ ಬರುತ್ತದೆ. ಒಂದೇ ಸರದಿಯಲ್ಲಿ ಎರಡು ಬೇರೆ ಬೇರೆ ಪುಟಗಳಿಗೆ ಸಹಿ ಹಾಕಿದರೆ, ಅಂದರೆ ಇಬ್ಬರಿಗೆ ಎರಡು ಲೆಕ್ಕ ತೋರಿಸಿದರೆ, ಒತ್ತೆಯ ಒಂದು ಭಾಗ ನಾಶವಾಗುತ್ತದೆ ಮತ್ತು ಪರಿಶೀಲಕನನ್ನು ಜಾಲದಿಂದ ಹೊರಹಾಕಲಾಗುತ್ತದೆ. ಇದಕ್ಕೆ ಸ್ಲಾಶಿಂಗ್ ಎಂದು ಹೆಸರು. ಕನ್ನಡದಲ್ಲಿ ದಂಡಕಡಿತ ಎನ್ನಬಹುದು.

ಈ ದಂಡದಲ್ಲಿ ಒಂದು ವಿಶೇಷವಿದೆ. ಒಬ್ಬ ಪರಿಶೀಲಕ ಒಂಟಿಯಾಗಿ ತಪ್ಪಿದರೆ ಕಡಿತ ಅಲ್ಪ. ಅದೇ ಅವಧಿಯಲ್ಲಿ ಬಹಳ ಮಂದಿ ತಪ್ಪಿದರೆ ಪ್ರತಿಯೊಬ್ಬರ ದಂಡವೂ ಏರುತ್ತ ಹೋಗುತ್ತದೆ. ಜಾಲದ ಒಟ್ಟು ಒತ್ತೆಯ ಮೂರರಲ್ಲೊಂದು ಪಾಲು ಒಟ್ಟಿಗೆ ತಪ್ಪಿದಾಗ ಅವರೆಲ್ಲರ ಒತ್ತೆ ಪೂರ್ತಿಯಾಗಿ ಹೋಗಬಹುದು. ಒಬ್ಬನ ತಪ್ಪಿಗಿಂತ ಎಲ್ಲರೂ ಒಮ್ಮೆಗೇ ತಪ್ಪುವುದು ಜಾಲಕ್ಕೆ ಹೆಚ್ಚು ಅಪಾಯಕರವೆಂಬುದು ಇದರ ಆಧಾರ. ರೀಸ್ಟೇಕಿಂಗ್ ಕುರಿತ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದೂ ಇದೇ ವಿಷಯದಲ್ಲಿ.

ಉಗಮ

ಇಥೀರಿಯಮ್ ಮೇಲೆ ಅವಲಂಬಿಸಿದ ಹಲವು ಸೇವೆಗಳು ಅದರ ಭದ್ರತೆಯನ್ನು ನೇರವಾಗಿ ಪಡೆಯಲಾರವು. ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ಹಣ ದಾಟಿಸುವ ಸೇತುವೆಗಳು, ಹೊರಗಿನ ಬೆಲೆಗಳನ್ನು ಜಾಲಕ್ಕೆ ವರದಿ ಮಾಡುವ ಸೇವೆಗಳು, ದೊಡ್ಡ ದತ್ತಾಂಶವನ್ನು ಎಲ್ಲರಿಗೂ ಲಭ್ಯವಾಗಿ ಇಡುವ ಸೇವೆಗಳು ಈ ಬಗೆಯವು. ಇಂಥ ಪ್ರತಿಯೊಂದು ಸೇವೆಯೂ ತನ್ನದೇ ನಾಣ್ಯವನ್ನು ಹುಟ್ಟಿಸಿ, ತನ್ನದೇ ಪರಿಶೀಲಕರನ್ನು ಹುಡುಕಿ, ಅವರಿಂದ ಒತ್ತೆಯಿಡಿಸಿಕೊಳ್ಳಬೇಕಾಗಿತ್ತು. ಹೊಸ ಸೇವೆಯ ನಾಣ್ಯಕ್ಕೆ ಬೆಲೆ ಕಡಿಮೆ; ಆದ್ದರಿಂದ ಅದರ ಭದ್ರತೆಯೂ ದುರ್ಬಲ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಶ್ರೀರಾಮ್ ಕಣ್ಣನ್ ಅವರು 2021ರಲ್ಲಿ ಆರಂಭಿಸಿದ ಸಂಸ್ಥೆಯು ಇದಕ್ಕೆ ಪರಿಹಾರವಾಗಿ ಐಗನ್‌ಲೇಯರನ್ನು ರೂಪಿಸಿತು. ಚೆನ್ನೈಯ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದ ಕಣ್ಣನ್, ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವರು. 2008ರಲ್ಲಿ ಅಲ್ಲಿ ಎಸ್.ವಿ.ಸಿ. ಅಯ್ಯ ಪದಕವನ್ನು ಪಡೆದಿದ್ದರು. ಐಗನ್‌ಲೇಯರ್ 2023ರ ಜೂನ್‌ನಲ್ಲಿ ಠೇವಣಿಗಳನ್ನು ಸ್ವೀಕರಿಸಲಾರಂಭಿಸಿತು. 2024ರ ಏಪ್ರಿಲ್ 9ರಂದು ನಿರ್ವಾಹಕರ ನೋಂದಣಿಯೂ, ಐಗನ್‌ಡಿಎ ಎಂಬ ದತ್ತಾಂಶ ಸೇವೆಯೂ ಮೊದಲಾದವು. ಆ ವರ್ಷದ ಮಧ್ಯಭಾಗದಲ್ಲಿ ಅದರಲ್ಲಿದ್ದ ಒತ್ತೆಯ ಮೌಲ್ಯ ಸುಮಾರು 20 ಶತಕೋಟಿ ಡಾಲರುಗಳನ್ನು ಮುಟ್ಟಿತ್ತು. ಸಿಂಬಯಾಟಿಕ್, ಕರಕ್ ಮೊದಲಾದ ಪೈಪೋಟಿಯ ಯೋಜನೆಗಳು ಅದರ ಬೆನ್ನಲ್ಲೇ ಬಂದವು.

ಕಾರ್ಯವಿಧಾನ

ಇಥೀರಿಯಮ್‌ನಲ್ಲಿ ಪ್ರತಿಯೊಬ್ಬ ಪರಿಶೀಲಕನೂ ತನ್ನ ಒತ್ತೆ ಬಿಡುಗಡೆಯಾದಾಗ ಹಣ ಯಾವ ವಿಳಾಸಕ್ಕೆ ಹೋಗಬೇಕೆಂದು ಸೂಚಿಸಿರುತ್ತಾನೆ. ರೀಸ್ಟೇಕಿಂಗ್ ಮಾಡುವವನು ಈ ವಿಳಾಸವನ್ನು ಐಗನ್‌ಪಾಡ್ ಎಂಬ ತಂತ್ರಾಂಶ ಒಪ್ಪಂದದ ಕಡೆಗೆ ತಿರುಗಿಸುತ್ತಾನೆ. ಹಣ ಇದ್ದಲ್ಲಿಯೇ ಇರುತ್ತದೆ. ಹೊರಬರುವ ಬಾಗಿಲಿನಲ್ಲಿ ಮಾತ್ರ ಇನ್ನೊಬ್ಬ ಕಾವಲುಗಾರ ನಿಲ್ಲುತ್ತಾನೆ. ಹೊಸ ಸೇವೆಯಲ್ಲಿ ತಪ್ಪಿ ನಡೆದಿದ್ದರೆ ಆ ದಂಡವನ್ನು ಕಳೆದು ಉಳಿದದ್ದನ್ನು ಕೊಡಲಾಗುತ್ತದೆ. ಲೈಡೊ ಮುಂತಾದ ಸಂಸ್ಥೆಗಳು ಕೊಡುವ ಸ್ಟೇಕಿಂಗ್ ರಸೀದಿ ನಾಣ್ಯಗಳನ್ನು ಠೇವಣಿಯಿಡುವುದು ಎರಡನೆಯ ಮಾರ್ಗ. ಯಂತ್ರಗಳನ್ನು ನಡೆಸುವ ಸೌಕರ್ಯವಿಲ್ಲದವರು ತಮ್ಮ ಒತ್ತೆಯನ್ನು ನಿರ್ವಾಹಕನೊಬ್ಬನಿಗೆ ವಹಿಸಬಹುದು. ಆದರೆ ಅವನ ತಪ್ಪಿನ ದಂಡ ತೆರುವುದು ಒತ್ತೆಯಿಟ್ಟವರೇ.

ಭದ್ರತೆಯ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ನಿರ್ವಾಹಕನ ಒತ್ತೆ 100 ನಾಣ್ಯಗಳಿದ್ದು, ಒಂದು ಸೇವೆಗೆ ಮೋಸ ಮಾಡಿದರೆ ಅವನಿಗೆ 50 ನಾಣ್ಯಗಳ ಲಾಭವಾಗುತ್ತದೆ ಎಂದಿಟ್ಟುಕೊಳ್ಳೋಣ. ಐವತ್ತಕ್ಕಾಗಿ ನೂರನ್ನು ಕಳೆದುಕೊಳ್ಳಲು ಯಾರೂ ಮುಂದಾಗರು, ಸೇವೆ ಸುರಕ್ಷಿತ. ಅದೇ ಒತ್ತೆಯನ್ನು ಮೂರು ಸೇವೆಗಳಿಗೆ ಒಡ್ಡಿದಾಗ ಮೂರೂ ಪ್ರತ್ಯೇಕವಾಗಿ ಇದೇ ಲೆಕ್ಕ ಹಾಕಿ ತಾವು ಸುರಕ್ಷಿತವೆಂದು ಭಾವಿಸುತ್ತವೆ. ಆದರೆ ಮೂರಕ್ಕೂ ಒಂದೇ ದಿನ ಮೋಸ ಮಾಡಿದರೆ ಲಾಭ 150, ನಷ್ಟ ನೂರೇ. ಪ್ರತ್ಯೇಕ ಪ್ರತ್ಯೇಕವಾಗಿ ಸರಿಯಾಗಿರುವ ಮೂರು ಲೆಕ್ಕಗಳು ಕೂಡಿದಾಗ ತಪ್ಪಾಗುತ್ತವೆ. ರೀಸ್ಟೇಕಿಂಗ್‌ನ ಮೂಲ ತೊಡಕು ಇಷ್ಟೇ. ಉಳಿದದ್ದೆಲ್ಲ ಇದರ ವಿಸ್ತಾರ.

ಬೀದರ್ ಜಿಲ್ಲೆಯ ಸಾಲಪದ್ಧತಿಯೊಂದಿಗೆ ಹೋಲಿಕೆ

ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ್ ಜಿಲ್ಲೆಯಲ್ಲಿ ಮಳೆಯಾಶ್ರಿತ ಬೇಸಾಯವೇ ಹೆಚ್ಚು. ತೊಗರಿ, ಉದ್ದು, ಹೆಸರು, ಸೋಯಾ, ಜೋಳ ಇಲ್ಲಿನ ಮುಖ್ಯ ಬೆಳೆಗಳು. ನೀರಿನ ಅನುಕೂಲವಿರುವಲ್ಲಿ ಕಬ್ಬೂ ಇದೆ. ಭಾಲ್ಕಿ ಅಥವಾ ಔರಾದ್ ತಾಲ್ಲೂಕಿನ ರೈತನಿಗೆ ಬೆಳೆಸಾಲ ದೊರೆಯುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಬೀದರ್ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನ ಅಡಿಯಲ್ಲಿರುವ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಇನ್ನೊಂದು, ವಾಣಿಜ್ಯ ಅಥವಾ ಗ್ರಾಮೀಣ ಬ್ಯಾಂಕು. ಎರಡೂ ಕಡೆ ಆಧಾರವಾಗಿ ತೋರಿಸಲು ಅವನ ಬಳಿ ಇರುವುದು ಒಂದೇ ಹೊಲ.

ಹೊಲದ ಮೇಲಿನ ಸಾಲ ಪಹಣಿಯ 11ನೇ ಕಲಮಿನಲ್ಲಿ ದಾಖಲಾಗುತ್ತದೆ. ಇತರ ಹಕ್ಕುಗಳನ್ನೂ ಋಣಗಳನ್ನೂ ಬರೆಯುವ ಕಲಮು ಅದು. 1974ರ ಕರ್ನಾಟಕ ಕೃಷಿ ಸಾಲ ಕುರಿತ ಅಧಿನಿಯಮವು ರೈತನ ಘೋಷಣಾ ಪತ್ರದ ಮೂಲಕವೇ ಭೂಮಿಯ ಮೇಲೆ ಬ್ಯಾಂಕಿಗೆ ಹಕ್ಕುಬಾಧ್ಯತೆಯನ್ನು ಸೃಷ್ಟಿಸಲು ಅವಕಾಶ ಕೊಟ್ಟಿತು. ಹೀಗೆ ಪಹಣಿಯ ಒಂದು ಪುಟವನ್ನು ನೋಡಿದರೆ ಆ ಜಮೀನು ಯಾರ ಯಾರ ಹೊಣೆಯನ್ನು ಹೊತ್ತಿದೆ ಎಂಬುದು ತಿಳಿಯುತ್ತದೆ. ಆದರೂ ಎರಡನೆಯ ಸಾಲ ಕೊಡುವವರು ಮೊದಲಿನವರಿಂದ ಬೇಬಾಕಿ ಪತ್ರವನ್ನು ತರಿಸಿಕೊಳ್ಳುವುದು ವಾಡಿಕೆ. ಬಾಕಿ ಇಲ್ಲವೆಂಬುದಕ್ಕೆ ಕೊಡುವ ಈ ಪತ್ರದ ಹೆಸರು ಪಾರಸಿ ಮೂಲದ್ದು. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರಿನಲ್ಲಿ ಅದಕ್ಕೆ ಅರ್ಥ ಹೇಳಿಕೊಡಬೇಕಾದ ಅಗತ್ಯ ಬೀಳುವುದಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಒಂದೇ ಜಮೀನಿನ ಮೇಲೆ ಎರಡನೆಯ ಅಡಮಾನವನ್ನು ಕಾನೂನು ನಿಷೇಧಿಸಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 48ನೇ ಪ್ರಕರಣದ ಪ್ರಕಾರ ಕಾಲದಲ್ಲಿ ಮೊದಲಿನವನಿಗೆ ಮೊದಲ ಹಕ್ಕು. ಎರಡನೆಯವನು ಇದನ್ನು ತಿಳಿದೇ ಸಾಲ ಕೊಡುತ್ತಾನೆ. ಹೊಲದ ಬೆಲೆಯಿಂದ ಮೊದಲ ಸಾಲವನ್ನು ಕಳೆದು ಉಳಿಯುವುದೆಷ್ಟೆಂದು ಎಣಿಸಿ ಕೊಡುತ್ತಾನೆ. ಒಂದು ಒತ್ತೆಗೆ ಎರಡು ಸಾಲವಿರುವುದು ತಾನಾಗಿ ಮೋಸವಲ್ಲ, ಎರಡನೆಯವನಿಗೆ ಮೊದಲನೆಯದು ಕಾಣದಂತೆ ಇರಿಸುವುದು ಮೋಸ. ಕೈಬರಹದ ಪಹಣಿಗಳ ಕಾಲದಲ್ಲಿ ಸಾಲ ಮಂಜೂರಾದದ್ದಕ್ಕೂ ಅದು ದಫ್ತರದಲ್ಲಿ ಏರುವುದಕ್ಕೂ ನಡುವೆ ಬಿಡುವಿರುತ್ತಿತ್ತು, ಆ ಬಿಡುವಿನಲ್ಲಿ ಇನ್ನೊಂದು ಸಾಲ ಎತ್ತುವುದು ಕಷ್ಟವಿರಲಿಲ್ಲ. 2000ದ ಸುಮಾರಿನಲ್ಲಿ ರಾಜ್ಯದ ತಾಲ್ಲೂಕುಗಳಿಗೆ ಬಂದ ಭೂಮಿ ಗಣಕೀಕರಣವೂ, ಬ್ಯಾಂಕುಗಳೇ ಆನ್‌ಲೈನಿನಲ್ಲಿ ಋಣವನ್ನು ದಾಖಲಿಸಲು ನೆರವಾಗುವ ಫ್ರೂಟ್ಸ್ ತಂತ್ರಾಂಶವೂ ಈ ಬಿಡುವನ್ನು ಕಿರಿದುಗೊಳಿಸಿದವು. ಇತರ ಸ್ಥಿರಾಸ್ತಿಗಳ ವಿಷಯದಲ್ಲಿ ಇದೇ ಉದ್ದೇಶಕ್ಕಾಗಿ ಕೇಂದ್ರ ಸರ್ಕಾರವು 2011ರಲ್ಲಿ ಸೆರ್ಸಾಯ್ ಎಂಬ ಕೇಂದ್ರೀಯ ನೋಂದಣಿಯನ್ನು ಆರಂಭಿಸಿತು.

ಬೆಳೆಯೇ ಒತ್ತೆಯಾದಾಗಲೂ ಇದೇ ಸಮಸ್ಯೆ. ಬೆಲೆ ಕುಸಿದ ಕಾಲದಲ್ಲಿ ತೊಗರಿಯನ್ನು ಮಾರದೆ ಉಗ್ರಾಣದಲ್ಲಿಟ್ಟು, ಅದರ ರಸೀದಿಯ ಮೇಲೆ ಸಾಲ ಪಡೆಯಬಹುದು. ಕಾಗದದ ರಸೀದಿಗೆ ನಕಲು ಹುಟ್ಟಿದರೆ ಒಂದೇ ಚೀಲಗಳ ಮೇಲೆ ಎರಡು ಕಡೆ ಸಾಲವಾಗುತ್ತದೆ. 2007ರ ಉಗ್ರಾಣ ಅಧಿನಿಯಮದಡಿ ವರ್ಗಾಯಿಸಬಹುದಾದ ರಸೀದಿಗಳು ಬಂದವು. 2017ರಿಂದ ಅವು ವಿದ್ಯುನ್ಮಾನ ರೂಪದಲ್ಲಿ ದೊರೆಯುತ್ತಿದ್ದು, ಒಮ್ಮೆ ಒತ್ತೆಯಿಟ್ಟ ರಸೀದಿಯನ್ನು ಅದು ಬಿಡುಗಡೆಯಾಗುವ ತನಕ ಬೇರೆಡೆಗೆ ಒಡ್ಡಲಾಗದು.

ಈ ಹಿನ್ನೆಲೆಯಲ್ಲಿ ನೋಡಿದರೆ ರೀಸ್ಟೇಕಿಂಗ್‌ನ ಒಂದು ಬಲವೂ ಒಂದು ದೌರ್ಬಲ್ಯವೂ ಸ್ಪಷ್ಟವಾಗುತ್ತವೆ. ಬ್ಲಾಕ್‌ಚೈನ್ ಖಾತೆ ಎಲ್ಲರಿಗೂ ತೆರೆದಿರುವುದರಿಂದ ಯಾವ ಒತ್ತೆ ಯಾವ ಸೇವೆಗೆ ಒಡ್ಡಲ್ಪಟ್ಟಿದೆ ಎಂಬುದನ್ನು ಯಾರೂ ಓದಬಹುದು. ಇಂಥ ಪಹಣಿಗೆ ತಹಸೀಲು ಕಚೇರಿಯ ಬಾಗಿಲು ಕಾಯಬೇಕಾಗಿಲ್ಲ. ಆದರೆ ಮೊದಲಿನವನಿಗೆ ಮೊದಲ ಹಕ್ಕು ಎಂಬ ಕ್ರಮ ಅದರ ಮೂಲ ಕಲ್ಪನೆಯಲ್ಲಿ ಇರಲಿಲ್ಲ. ಮೂರು ಸೇವೆಗಳೂ ಇಡೀ ನೂರನ್ನು ತನ್ನದೆಂದೇ ಎಣಿಸುತ್ತಿದ್ದವು.

ಮೂರನೆಯ ಹೋಲಿಕೆ ಸ್ವಸಹಾಯ ಗುಂಪುಗಳದ್ದು. ನಬಾರ್ಡ್ 1992ರಲ್ಲಿ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿದ ನಂತರ, ಅದನ್ನು ಸಹಕಾರಿ ವಲಯದಲ್ಲಿ ಮುಂಚೂಣಿಯಲ್ಲಿ ನಡೆಸಿದ ಬ್ಯಾಂಕುಗಳಲ್ಲಿ ಬೀದರ್ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕೂ ಒಂದು. ಔರಾದ್ ಮತ್ತು ಬೀದರ್ ಕ್ಷೇತ್ರಗಳಿಂದ ಶಾಸಕರಾಗಿದ್ದ ಗುರುಪಾದಪ್ಪ ನಾಗಮಾರಪಳ್ಳಿ ಅವರು ಬ್ಯಾಂಕಿನ ಅಧ್ಯಕ್ಷರಾಗಿದ್ದಾಗ ಈ ಕಾರ್ಯಕ್ರಮ ಬೆಳೆದು ಹೆಸರು ಮಾಡಿತು. ಹತ್ತರಿಂದ ಇಪ್ಪತ್ತು ಮಂದಿಯ ಗುಂಪಿಗೆ ಒತ್ತೆಯಿಡಲು ಹೊಲವಿಲ್ಲ, ಬಂಗಾರವಿಲ್ಲ. ಪರಸ್ಪರರ ಮಾತೇ ಜಾಮೀನು. ಒಬ್ಬ ಸದಸ್ಯೆಯ ಮಾತು ಉಳಿದವರೆಲ್ಲರ ಸಾಲಕ್ಕೂ ಹೊಣೆ ನಿಲ್ಲುತ್ತದೆ. ಒಂದೇ ಪಣ ಹಲವು ಸಾಲಗಳನ್ನು ಕಾಯುವ ಈ ಏರ್ಪಾಡು ಸಾಮಾನ್ಯ ದಿನಗಳಲ್ಲಿ ಬಲವಾದದ್ದು: ಒಬ್ಬಳ ಎಮ್ಮೆ ಸತ್ತರೆ ಉಳಿದವರು ಆ ತಿಂಗಳ ಕಂತನ್ನು ತುಂಬಿಕೊಡಬಲ್ಲರು. ಎಲ್ಲರ ಆದಾಯವೂ ಒಂದೇ ಬೆಳೆಯನ್ನು ಅವಲಂಬಿಸಿದ್ದು, ಆ ಬೆಳೆಯೇ ಹೋದರೆ ಯಾರು ಯಾರ ಪರವಾಗಿ ತುಂಬಬೇಕು? 2022ರ ಹಂಗಾಮಿನಲ್ಲಿ ಕಲಬುರಗಿ, ಬೀದರ್ ಭಾಗದ ತೊಗರಿಗೆ ನೆಟೆ ರೋಗ ಬಿದ್ದು, ಹೂವು ಕಾಯಿಯ ಹಂತದ ಗಿಡಗಳು ನಿಂತಲ್ಲೇ ಒಣಗಿದವು. ಅಂಥ ವರ್ಷದಲ್ಲಿ ನೆರೆಯ ಹೊಲದವನ ಜಾಮೀನು ತನ್ನ ಹೊಲದಷ್ಟೇ ಒಣಗಿರುತ್ತದೆ. ಜಾಮೀನುದಾರರ ಸಂಖ್ಯೆ ಇಪ್ಪತ್ತಾದರೂ ಅಪಾಯ ಒಂದೇ.

ದ್ರವ ರೀಸ್ಟೇಕಿಂಗ್

ಒತ್ತೆಯಿಟ್ಟ ಹಣ ಕೈಗೆ ಸಿಗದೆ ಸಿಕ್ಕಿಕೊಂಡಿರುತ್ತದೆ ಎಂಬ ಅನಾನುಕೂಲವನ್ನು ನೀಗಿಸಲು ಈಥರ್.ಫೈ, ರೆಂಜೊ, ಕೆಲ್ಪ್, ಪಫರ್ ಮೊದಲಾದ ಸಂಸ್ಥೆಗಳು ಮರುಪಣಕ್ಕೆ ಪ್ರತಿಯಾಗಿ ರಸೀದಿ ನಾಣ್ಯಗಳನ್ನು ಕೊಡಲಾರಂಭಿಸಿದವು. ಈ ರಸೀದಿಯನ್ನು ಮಾರಬಹುದು, ಅಥವಾ ಇನ್ನೊಂದು ಕಡೆ ಒತ್ತೆಯಿಟ್ಟು ಸಾಲ ಪಡೆಯಬಹುದು. ಆ ಸಾಲದಿಂದ ಮತ್ತೆ ಈಥರ್ ಕೊಂಡು ಮತ್ತೆ ಮರುಪಣವಿಟ್ಟವರೂ ಇದ್ದರು. ಉಗ್ರಾಣದ ರಸೀದಿಯ ಮೇಲೆ ಸಾಲ ತೆಗೆದು, ಆ ದುಡ್ಡಿನಿಂದ ತೊಗರಿ ಕೊಂಡು, ಅದನ್ನೂ ಅದೇ ಉಗ್ರಾಣದಲ್ಲಿಟ್ಟು ಎರಡನೆಯ ರಸೀದಿ ಪಡೆದಂತೆ ಇದು.

2024ರ ಏಪ್ರಿಲ್ 24ರಂದು ಇದರ ಪರಿಣಾಮ ಕಂಡಿತು. ರೆಂಜೊ ಸಂಸ್ಥೆಯು ತನ್ನ ಹೊಸ ನಾಣ್ಯದ ಹಂಚಿಕೆಯ ವಿವರವನ್ನು ಪ್ರಕಟಿಸಿದ ಬಳಿಕ ನಿರಾಶರಾದವರು ಅದರ ರಸೀದಿ ನಾಣ್ಯವಾದ ಇಝಡ್‌ಈಥ್ ಅನ್ನು ಮಾರತೊಡಗಿದರು. ರಸೀದಿ ಕೊಟ್ಟು ಈಥರ್ ಹಿಂಪಡೆಯುವ ಏರ್ಪಾಡು ಆಗ ಇನ್ನೂ ತೆರೆದಿರಲಿಲ್ಲ. ಪೇಟೆಯಲ್ಲಿ ಮಾರುವುದೊಂದೇ ದಾರಿ. 3,000 ಡಾಲರಿಗೂ ಮೇಲಿದ್ದ ಈಥರ್‌ಗೆ ಸಮನಾಗಿ ನಿಲ್ಲಬೇಕಿದ್ದ ನಾಣ್ಯ ಒಂದು ವಿನಿಮಯ ತಾಣದಲ್ಲಿ ಕೆಲ ಹೊತ್ತು 700 ಡಾಲರಿಗಿಂತ ಕೆಳಕ್ಕೆ ಕುಸಿಯಿತು. ಅದನ್ನು ಒತ್ತೆಯಿಟ್ಟು ಸಾಲ ಪಡೆದಿದ್ದವರ ಒತ್ತೆಗಳನ್ನು ಸಾಲದ ತಂತ್ರಾಂಶಗಳು ತಾವಾಗಿಯೇ ಹರಾಜು ಹಾಕಿದವು. ಅಂದು ಯಾವ ಸೇವೆಯಲ್ಲಿಯೂ ಮೋಸ ನಡೆದಿರಲಿಲ್ಲ, ಯಾವ ಪರಿಶೀಲಕನೂ ತಪ್ಪಿರಲಿಲ್ಲ. ಬೆಲೆ ಚೇತರಿಸಿಕೊಂಡಿತು, ಹರಾಜಾದ ಒತ್ತೆ ಮರಳಲಿಲ್ಲ.

ಟೀಕೆ ಮತ್ತು ಸುಧಾರಣೆ

ಇಥೀರಿಯಮ್‌ನ ಸಹಸಂಸ್ಥಾಪಕ ವಿಟಾಲಿಕ್ ಬುಟೆರಿನ್ ಅವರು ಐಗನ್‌ಲೇಯರ್ ಆರಂಭವಾಗುವ ಮೊದಲೇ, 2023ರ ಮೇ ತಿಂಗಳಲ್ಲಿ, ಇಥೀರಿಯಮ್‌ನ ಒಮ್ಮತದ ಮೇಲೆ ಅತಿಭಾರ ಹೇರಬಾರದೆಂದು ಎಚ್ಚರಿಸಿ ಲೇಖನ ಬರೆದರು. ಪರಿಶೀಲಕರು ಸ್ವಂತ ಅಪಾಯದ ಮೇಲೆ ಒತ್ತೆಯನ್ನು ಮರುಬಳಸುವುದಕ್ಕೆ ಅವರ ಆಕ್ಷೇಪವಿರಲಿಲ್ಲ. ಹೊರಗಿನ ಸೇವೆಯೊಂದು ಮುಳುಗಿದಾಗ ಅದನ್ನು ಉಳಿಸಲು ಇಡೀ ಜಾಲವೇ ತನ್ನ ಖಾತೆಯನ್ನು ಬದಲಿಸಿಕೊಳ್ಳಬೇಕೆಂಬ ನಿರೀಕ್ಷೆ ಬೆಳೆಯಬಾರದೆಂಬುದು ಅವರ ವಾದ.

ನವೀನ್ ದೂರ್ವಾಸುಲ ಮತ್ತು ಟಿಮ್ ರಫ್‌ಗಾರ್ಡನ್ ಅವರು 2024ರಲ್ಲಿ ಪ್ರಕಟಿಸಿದ ಪ್ರಬಂಧವು ಸರಣಿ ಕುಸಿತದ ಪ್ರಶ್ನೆಯನ್ನು ಗಣಿತದಿಂದ ಪರಿಶೀಲಿಸಿತು. ಮೋಸದ ವೆಚ್ಚವು ಲಾಭಕ್ಕೆ ಬರಿದೇ ಸಮನಾಗಿದ್ದರೆ ಸಣ್ಣ ಪೆಟ್ಟೂ ಎಲ್ಲವನ್ನೂ ಉರುಳಿಸಬಹುದು. ವೆಚ್ಚವು ಲಾಭಕ್ಕಿಂತ ಯಾವಾಗಲೂ ಶೇ. 10ರಷ್ಟು ಹೆಚ್ಚಿರುವಂತೆ ನೋಡಿಕೊಂಡರೆ, ಒತ್ತೆಯ ಶೇ. 0.1 ಭಾಗ ಹಠಾತ್ತನೆ ನಷ್ಟವಾದರೂ ಒಟ್ಟು ನಷ್ಟ ಶೇ. 1.1ನ್ನು ಮೀರದು ಎಂದು ಅವರು ತೋರಿಸಿದರು. ಹೊಲದ ಬೆಲೆಗಿಂತ ಕಡಿಮೆ ಸಾಲ ಕೊಡುವ ಬ್ಯಾಂಕಿನ ಹಳೆಯ ಕ್ರಮಕ್ಕೆ ದೊರೆತ ಗಣಿತದ ಸಮರ್ಥನೆಯೆಂದೂ ಇದನ್ನು ಓದಬಹುದು.

ಇನ್ನೊಂದು ವಿಚಿತ್ರ ಸಂಗತಿಯನ್ನು ಹೇಳಬೇಕು. 2023ರ ಜೂನ್‌ನಿಂದ ಸುಮಾರು 22 ತಿಂಗಳ ಕಾಲ ಐಗನ್‌ಲೇಯರ್‌ನಲ್ಲಿ ದಂಡಕಡಿತದ ಏರ್ಪಾಡೇ ಇರಲಿಲ್ಲ. ಶತಕೋಟಿಗಟ್ಟಲೆ ಡಾಲರುಗಳ ಒತ್ತೆ ಇತ್ತು, ಜಪ್ತಿಯ ಅಧಿಕಾರ ಇರಲಿಲ್ಲ. ಅಂಥದ್ದನ್ನು ಒತ್ತೆಯೆನ್ನುವುದು ಕಷ್ಟ. ದಂಡಕಡಿತ 2025ರ ಏಪ್ರಿಲ್ 17ರಂದು ಜಾರಿಗೆ ಬಂದಿತು. ಅದರ ಜೊತೆಗೆ ಬಂದ ನಿಯಮವೇ ಹೆಚ್ಚು ಗಮನಾರ್ಹ: ನಿರ್ವಾಹಕನು ತನ್ನ ಒತ್ತೆಯ ಇಂತಿಷ್ಟು ಭಾಗವನ್ನು ಇಂಥ ಸೇವೆಗೆ ಎಂದು ಹೆಸರಿಸಿ ಬರೆಯಬೇಕು, ಆ ಭಾಗವನ್ನು ಆ ಸೇವೆ ಮಾತ್ರ ಕಡಿತಗೊಳಿಸಬಹುದು. ಒಂದೇ ಹಣ ಎಲ್ಲರಿಗೂ ಎಂಬ ಆರಂಭದ ಆಕರ್ಷಣೆಯನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು, ಯಾವ ಸರ್ವೆ ನಂಬರಿನ ಎಷ್ಟು ಗುಂಟೆ ಯಾರಿಗೆ ಎಂದು ಬರೆದಿಡುವ ಪದ್ಧತಿಗೆ ಇದು ಹತ್ತಿರ ಬಂದಿತು. ಒತ್ತೆಯನ್ನು ಹಿಂಪಡೆಯಲು 14 ದಿನಗಳ ಕಾಯುವಿಕೆಯನ್ನೂ ವಿಧಿಸಲಾಯಿತು. ತಪ್ಪು ಮಾಡಿದವನು ಅದು ಬಯಲಾಗುವ ಮೊದಲೇ ಹಣ ತೆಗೆದು ಹೋಗಬಾರದೆಂಬುದು ಇದರ ಉದ್ದೇಶ.

ಭಾರತದಲ್ಲಿ ಕಾನೂನಿನ ಸ್ಥಿತಿ

ಭಾರತದಲ್ಲಿ ಕ್ರಿಪ್ಟೋ ಹಣ ಶಾಸನಬದ್ಧ ಚಲಾವಣಾ ನಾಣ್ಯವಲ್ಲ. ಬ್ಯಾಂಕುಗಳು ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ನೀಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯ 2020ರ ಮಾರ್ಚ್ 4ರಂದು ರದ್ದುಗೊಳಿಸಿತು. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ವರ್ಗಾವಣೆಯ ಲಾಭಕ್ಕೆ ಶೇ. 30ರ ಆದಾಯ ತೆರಿಗೆಯಿದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ. ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಯ ಮೇಲೆ ಶೇ. 1ರ ಮೂಲದಲ್ಲೇ ತೆರಿಗೆ ಕಡಿತ ಸೇರಿತು. 2023ರ ಮಾರ್ಚ್‌ನಲ್ಲಿ ಈ ವ್ಯವಹಾರವನ್ನು ಹಣದ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ತರಲಾಯಿತು.

ಠೇವಣಿ ಎಂಬ ಪದ ಎರಡೂ ಕಡೆ ಬಳಕೆಯಾಗುವುದರಿಂದ ಒಂದು ವ್ಯತ್ಯಾಸವನ್ನು ಗುರುತಿಸಬೇಕಾಗಿದೆ. ವಾಣಿಜ್ಯ ಬ್ಯಾಂಕಿನಲ್ಲಾಗಲಿ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಲ್ಲಾಗಲಿ ಇಟ್ಟ ಠೇವಣಿಗೆ 2020ರ ಫೆಬ್ರುವರಿ 4ರಿಂದ ಪ್ರತಿ ಠೇವಣಿದಾರನಿಗೆ 5 ಲಕ್ಷ ರೂಪಾಯಿಗಳವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. ರೀಸ್ಟೇಕಿಂಗ್‌ನಲ್ಲಿಟ್ಟ ಹಣಕ್ಕೆ ಈ ವಿಮೆ ಅನ್ವಯಿಸುವುದಿಲ್ಲ. ದಂಡಕಡಿತದಿಂದಾದ ನಷ್ಟಕ್ಕೂ, ತಂತ್ರಾಂಶದ ದೋಷದಿಂದಾದ ನಷ್ಟಕ್ಕೂ, ಕೀಲಿಪದ ಕಳವಾಗಿ ಆದ ನಷ್ಟಕ್ಕೂ ಇದೇ ಮಾತು.